ದೊಡ್ಡವ್ವನ ಅಳು ನಮ್ಮ ಬ್ಯಾಂಡಿಗೆ ಸೇರಿದ್ದು

ನಮ್ಮ ಬ್ಯಾಂಡಿನಲ್ಲಿ ಮೂವರು. ಗಿಟಾರ್ ನನ್ನದು. ಮಸ್ಕಿಯ ಆಟೊದವನು ನಮ್ಮ ಭಾಷೆಯಲ್ಲೇ ರ‍್ಯಾಪ್ ಹೊಡೆಯುತ್ತಿದ್ದ. ಲಿಂಗಸುಗೂರಿನವನು ಯಾರ ಮೇಲಿನದೋ ಸಿಟ್ಟನ್ನು ಡ್ರಮ್ಮಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ಸಿಂಧನೂರಿನ ಮುಚ್ಚಿದ ರೈಸ್‌ಮಿಲ್ಲೊಂದರ ಗೋದಾಮಿನಲ್ಲಿ ಹೆವಿ ಮೆಟಲ್ ಬಾರಿಸಿ ಪಾರಿವಾಳಗಳನ್ನೆಲ್ಲ ಓಡಿಸಿದ್ದೆವು. ಆಮೇಲೆ ನನಗೆ ಫ್ಲಮೆಂಕೊ ಹುಚ್ಚು ಹಿಡಿಯಿತು. ಸ್ಪೇನಿನ ಆ ಜನ ಚಪ್ಪಾಳೆ ತಟ್ಟುತ್ತ, ನೆಲ ಒದೆಯುತ್ತ, ಕರುಳು ಕಿತ್ತು ಬರುವಂತೆ ಕೂಗಿ ಹಾಡುತ್ತಾರೆ. ಗಿಟಾರಿನ ಬೆರಳಾಟ ಹೇಗೋ ಕಲಿತೆ. ಭಜನೆಯಲ್ಲಿ ಬೆಳೆದ ನಮಗೆ ಚಪ್ಪಾಳೆ ಯಾರೂ ಕಲಿಸಬೇಕಿರಲಿಲ್ಲ. ಆ ಕೂಗು ಮಾತ್ರ ಮೂವರಿಗೂ ಬರಲಿಲ್ಲ. "ಲೇ, ನೀ ಕೂಗಿದ್ರ ಹಲ್ಲು ಕೀಳಿಸಿಕೊಂಡವರಂಗ ಕೇಳತೈತಿ," ಎಂದು ಆಟೊದವನು ನಕ್ಕ.

ಆಗ ನೆನಪಾದವಳು ತುರ್ವಿಹಾಳದ ದೊಡ್ಡವ್ವ, ಅವ್ವನ ಅಕ್ಕ. ನಮ್ಮಲ್ಲಿ ಹೆಣದ ಮುಂದೆ ಹೆಂಗಸರು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಅವಳಂತೆ ಹಾಡುವವರಿಲ್ಲ. ದೊಡ್ಡಪ್ಪ ತೀರಿದಾಗ "ಕಣದಾಗ ರಾಶಿ ಬಿಟ್ಟು ಎಲ್ಲಿಗೆ ಹೊಂಟ್ಯೋ ನನ್ನ ಧಣಿಯೇ" ಎಂದು ಅವಳು ಅತ್ತದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ನೆನಪಿಗಿರಲಿ ಎಂದು, ದೇವರಾಣೆ. ಅದನ್ನೇ ಗಿಟಾರಿನ ಮೇಲೆ ಕೂರಿಸಿದೆವು. ಅವಳನ್ನು ಒಂದು ಮಾತು ಕೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನೆಟ್ಟಿಗೆ ಹಾಕಿದ್ದೇ ತಡ, ಹಾಡು ಓಡಿತು. ಬಸ್‌ಸ್ಟ್ಯಾಂಡ್, ಟ್ರ್ಯಾಕ್ಟರ್, ಮದುವೆಯ ಡಿಜೆ, ಎಲ್ಲಿ ನೋಡಿದರೂ ಅದೇ. ಒಂದು ದಿನ ಭತ್ತದ ಸಸಿ ನಾಟಲು ಹೊರಟ ಹೆಂಗಸರ ಗಾಡಿಯಲ್ಲಿ ದೊಡ್ಡವ್ವನೂ ಇದ್ದಳಂತೆ. ಡ್ರೈವರ್ ಅದನ್ನೇ ಹಾಕಿದ. ಹುಡುಗಿಯರು ಕೂತಲ್ಲೇ ಹೆಗಲು ಕುಣಿಸಿದರು.

ಅವ್ವನಿಂದ ಸುದ್ದಿ ಮುಟ್ಟಿದ್ದೇ ತಡ, ಹೋಗಿ ದೊಡ್ಡವ್ವನ ಕಾಲು ಹಿಡಿದೆ. ಬೈಯಲಿ ಎಂದು ಕಾದೆ. "ಹೆಣದ ಮುಂದ ಅತ್ತಿದ್ದು ತಮ್ಮಾ ಅದು. ಅದರ ಮ್ಯಾಲ ಮಂದಿ ಕುಣ್ಯಾಕತ್ತಾರಲ್ಲ," ಎಂದಳು, ಅಷ್ಟೇ. ರೊಟ್ಟಿಗೆ ಚಟ್ನಿ ಹಚ್ಚಿ ಕೊಟ್ಟಳು. ಹಾಡನ್ನು ಅಂದೇ ತೆಗೆದೆವು, ಆದರೆ ಅಷ್ಟರಲ್ಲಿ ಅದು ಎಲ್ಲರ ಮೊಬೈಲಿನಲ್ಲಿತ್ತು.

ಈ ವರ್ಷ ಅವ್ವ ಹೋದಳು. ಮುಂಜಾನೆಯೇ ದೊಡ್ಡವ್ವ ಬಂದು ತಂಗಿಯ ಮಗ್ಗುಲಲ್ಲಿ ಕೂತಳು. ಮೊದಲು ಅವಳು ಹಾಡು ಎತ್ತಲಿ ಎಂದು ಹೆಂಗಸರೆಲ್ಲ ಕಾದರು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಒಂದೇ ಸಮ ನಡುಗುತ್ತಿದ್ದಳು. "ಹಾಡ್ಯಾಡಿ ಅಳಬೇ, ಎದಿ ಹಗುರಾಕ್ಕೈತಿ," ಎಂದು ಒಬ್ಬ ಮುದುಕಿ ಅಂಗಲಾಚಿದಳು. ದೊಡ್ಡವ್ವ ಒಲ್ಲೆನೆಂದು ತಲೆಯಾಡಿಸಿದಳು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, "ಅವ್ವಗ ಒಂದು ನುಡಿ ಹಾಡು ದೊಡ್ಡವ್ವ, ನಿನ್ನ ಕಾಲಿಗೆ ಬೀಳ್ತೀನಿ," ಎಂದೆ.

ಅವಳು ಸೆರಗು ತೆಗೆದು ನನ್ನ ಮುಖ ನೋಡಿದಳು. "ನನ್ನ ತಂಗಿ ಸಾವಿಗೂ ಮಂದಿ ಕುಣೀಬೇಕೇನಪ್ಪಾ?"

ಅವ್ವನನ್ನು ಹಾಡಿಲ್ಲದೆ ಎತ್ತಿದೆವು.