ದಸರೆಯ ದಿನ ಬಿಸಿಯಾದ ಎಂಜಿನ್

ದೋಣಿಯನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದು ಆ ದಸರೆಯ ದಿನ ತೀರ್ಮಾನವಾಗುವುದಿತ್ತು. ತೀರ್ಮಾನ ಮಾಡುವವರು ನಮ್ಮತ್ತೆ. ಹಿಂದಿನ ಬೇಸಿಗೆಯಲ್ಲಿ ನಾನು ಹಟ ಹಿಡಿದು ಕೊಂಡ ಹಳೆಯ ಡೀಸೆಲ್ ದೋಣಿ ಅದು. ಪುಣೆಯ ಪಶ್ಚಿಮಕ್ಕೆ ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತಿರುತ್ತದೆ. ಎಂಜಿನ್ನು ಅದರ ಹೊಟ್ಟೆಯೊಳಗೇ ಇದೆ, ನಡುವಿನ ಹಲಗೆ ಎತ್ತಿದರೆ ಕಾಣುತ್ತದೆ. ಪುಣೆಯ ವಾಕಡದ ನಮ್ಮ ಮನೆಯಲ್ಲಿ ಅದರ ಮಾತೆತ್ತಿದರೆ ಸಾಕು, ಅತ್ತೆ ಮುಖ ಗಂಟು ಹಾಕುತ್ತಿದ್ದರು. ಬಾಗಲಕೋಟೆ ಕಡೆಯ ಬಟ್ಟೆ ವ್ಯಾಪಾರಿಗಳ ಮನೆತನ. ನೀರೆಂದರೆ ಕೊಡದಲ್ಲಿರಬೇಕು ಎಂಬುದು ಅವರ ನಂಬಿಕೆ. ನನ್ನ ಗಂಡ ಎಂದಿನಂತೆ ನಡುವೆ ನಿಂತು ರಾಜಿ ಮಾಡಿಸಿದರು: ಅವ್ವ ಒಮ್ಮೆ ಕೂತು ನೋಡಲಿ, ಸೇರದಿದ್ದರೆ ಮಾರಿಬಿಡೋಣ.

ನಾನು ಒಪ್ಪಿದೆ. ದಸರೆಗೆ ಊರ ಗಡಿ ದಾಟಿ ಬರುವ ಪದ್ಧತಿಯನ್ನು ಅತ್ತೆ ಬಿಡುವವರಲ್ಲ. ಆಚೆ ದಡದಲ್ಲೊಂದು ಬನ್ನಿಮರ ಇದೆ, ನೀರು ದಾಟಿ ಹೋಗಿ ಎಲೆ ತರೋಣ ಎಂದು ಆಸೆ ಹುಟ್ಟಿಸಿದೆ. ಬಂದರು. ಆದರೆ ಹಬ್ಬದ ದಿನವೂ ಪ್ಯಾಂಟು, ಹಳೆಯ ಅಂಗಿ ತೊಟ್ಟು ನಟ್ಟು ತಿರುಗಿಸುವ ಪಾನಾ ಹಿಡಿದ ಸೊಸೆಯನ್ನು ಕಂಡು, ಸೆರಗಿಲ್ಲದ ಹೆಣ್ಣುಮಕ್ಕಳಿಗೆ ಉಡಿ ತುಂಬುವುದಾದರೂ ಹೇಗೆ ಎಂದು ಮಗನ ಕಡೆ ತಿರುಗಿ ಅಂದರು. ನನಗೆ ಕೇಳಿಸಲೆಂದೇ ಅಂದದ್ದು.

ಚಾಕಣದ ಕಾರ್ಖಾನೆಯೊಂದರಲ್ಲಿ ಕಾರಿನ ರೇಡಿಯೇಟರುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಎಂಜಿನ್ ಬಿಸಿಯಾಗದಂತೆ ನೋಡಿಕೊಂಡೇ ಹೊಟ್ಟೆ ಹೊರೆಯುತ್ತೇನೆ. ಆದರೆ ದೋಣಿಯ ರೀತಿಯೇ ಬೇರೆ. ಕಾರಿನ ನೀರು ಒಳಗೊಳಗೇ ಸುತ್ತುತ್ತದೆ. ದೋಣಿ ತಾನು ತೇಲುವ ನೀರನ್ನೇ ಕುಡಿಯುತ್ತದೆ. ತಳದಲ್ಲಿ ಜಾಲರಿ ಹಾಕಿದ ತೂತು, ಅಲ್ಲಿಂದ ರಬ್ಬರ್ ಚಕ್ರದ ಪಂಪು ನೀರೆಳೆದು ಎಂಜಿನ್ನನ್ನು ತಣ್ಣಗಿಟ್ಟು, ಹೊಗೆಯ ಜೊತೆ ಹಿಂದಿನಿಂದ ಉಗುಳುತ್ತದೆ. ಹಿಂದೆ ನೀರು ಬೀಳುತ್ತಿರುವವರೆಗೆ ಚಿಂತೆಯಿಲ್ಲ.

ದಡದಲ್ಲೇ ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಟ್ಟೆ. ಅಷ್ಟರಲ್ಲಿ ಅತ್ತೆ ದೋಣಿಯಲ್ಲಿ ಕೂತವರೇ ಚೀಲ ಬಿಚ್ಚಿದರು. ಗಂಗವ್ವನ ಉಡಿ ತುಂಬದೆ ನೀರಿನ ಮೇಲೆ ಹೋಗುವುದುಂಟೆ? ಅರಿಷಿಣ, ಕುಂಕುಮ, ಅಕ್ಕಿ, ಎಲೆಯಡಿಕೆ, ಮೇಲೊಂದು ಹಸಿರು ಗುಳೇದಗುಡ್ಡದ ರವಿಕೆ ಖಣ. ಎಲ್ಲವನ್ನೂ ಪಕ್ಕದಲ್ಲೇ ನೀರಿಗೆ ಬಿಟ್ಟರು. ಈ ಊರಿನ ನೀರಿಗೆ ಕನ್ನಡ ತಿಳಿಯುತ್ತದೋ ಇಲ್ಲವೋ ಎಂದು ಮರಾಠಿಯಲ್ಲೇ ಕೈಮುಗಿದರು. "ಸಾಂಭಾಳ ಗ ಬಾಯಿ," ಕಾಪಾಡವ್ವಾ ಎಂದು. ನಾನೂ ಕೈಮುಗಿದೆ, ನನ್ನ ಬೇಡಿಕೆ ದೋಣಿಯದು.

ಹೊರಟೆವು. ಮೊದಮೊದಲು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಅತ್ತೆ ಮೆಲ್ಲಗೆ ಒಂದು ಕೈ ಬಿಟ್ಟರು. ಆಮೇಲೆ ಗುಡ್ಡದ ಮೇಲಿನ ಬಂಗಲೆ ಯಾರದೆಂದು ವಿಚಾರಿಸಿದರು. ಗೆದ್ದೆ ಅಂದುಕೊಂಡೆ. ಆಗಲೇ ಎಂಜಿನ್ನಿನ ದನಿ ಒಣಗಿತು. ಹಿಂದೆ ನೋಡಿದರೆ ಬರೀ ಹೊಗೆ, ನೀರಿಲ್ಲ. ಬಿಸಿ ತೋರಿಸುವ ಮುಳ್ಳು ಏರುತ್ತಿತ್ತು. ಕೂಡಲೇ ಬಂದ್ ಮಾಡಿದೆ.

ನೀರಿನ ನಡುವೆ ಸದ್ದೇ ಇಲ್ಲ. ಯಾಕೆ ನಿಂತಿತೆಂದು ಅತ್ತೆ ಕೇಳಿದರು. ನೋಟ ಚೆನ್ನಾಗಿದೆ, ನೀವು ನೋಡಲಿ ಅಂತ ನಿಲ್ಲಿಸಿದೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

ಹಲಗೆ ಎತ್ತಿದೆ. ಬೆಲ್ಟ್ ಬಿಗಿಯಾಗಿತ್ತು. ಕಸ ಹಿಡಿಯುವ ಡಬ್ಬಿ ಬಿಚ್ಚಿದರೆ ಚೊಕ್ಕಟ. ಪಂಪಿನ ಮುಚ್ಚಳ ತೆಗೆದು ರಬ್ಬರ್ ಚಕ್ರ ನೋಡಿದೆ, ಒಂದು ಎಸಳೂ ಮುರಿದಿರಲಿಲ್ಲ. ಎಲ್ಲ ಜೋಡಿಸಿ ಮತ್ತೆ ಚಾಲೂ ಮಾಡಿದೆ. ಹಿಂದಿನಿಂದ ನೀರು ಧಾರಾಳವಾಗಿ ಬಿತ್ತು. ಗಂಡ ಚಪ್ಪಾಳೆ ತಟ್ಟಿದರು. ಅವರ ಚಪ್ಪಾಳೆ ಮುಗಿಯುವಷ್ಟರಲ್ಲಿ ನೀರೂ ನಿಂತಿತು. ಸಿಟ್ಟು ನೆತ್ತಿಗೇರಿತು. ಕಾರ್ಖಾನೆಯಲ್ಲಾಗಿದ್ದರೆ ಯಾರಿಗಾದರೂ ಬೈದು ಹಗುರಾಗುತ್ತಿದ್ದೆ. ಇಲ್ಲಿ ಬೈಯಲು ಸಿಗುವವರು ಗಂಡ ಒಬ್ಬರೇ, ಅವರು ಪಾಪ ಆಗಲೇ ಚಕ್ಕುಲಿ ಡಬ್ಬಿ ಹುಡುಕುತ್ತಿದ್ದರು.

ಕೂತು ಯೋಚಿಸಿದೆ. ಪಂಪು ನಿಂತಾಗ ನೀರಿಗೆ ದಾರಿ ಸಿಗುತ್ತದೆ, ಎಳೆದಾಗ ದಾರಿ ಕಟ್ಟುತ್ತದೆ. ಹಾಗಾದರೆ ತೊಂದರೆ ಒಳಗಿಲ್ಲ, ಹೊರಗಿದೆ. ಏನೋ ತೆಳ್ಳಗಿನದು, ಮೆತ್ತಗಿನದು, ತಳದ ಜಾಲರಿಗೆ ಸಿಕ್ಕಿಕೊಂಡು ಪಂಪು ಎಳೆದಾಗ ಅಂಟುತ್ತಿದೆ. ಎಂಜಿನ್ ಚಾಲೂ ಇದ್ದಾಗಲೇ ಅತ್ತೆ ಪಕ್ಕದಲ್ಲಿ ನೀರಿಗೆ ಬಿಟ್ಟದ್ದು ನೆನಪಾಯಿತು. ಹಸಿರು ಖಣ. ಗಂಗವ್ವನಿಗೆ ಕೊಟ್ಟ ಉಡಿ ದೋಣಿಗೆ ಸಿಕ್ಕು ವಾಪಸು ಬಂದರೆ ಅತ್ತೆ ಅದನ್ನು ಏನೆಂದು ತಿಳಿಯುತ್ತಾರೆ? ಅಪಶಕುನ ಅಂದರೆ ಮುಗಿಯಿತು, ನಾಳೆಯೇ ದೋಣಿ ಮಾರಾಟ. ಗುಟ್ಟಾಗಿ ತೆಗೆಯಲು ದಾರಿಯೂ ಇರಲಿಲ್ಲ.

ತಳದ ಕವಾಟ ಮುಚ್ಚಿ, ನೀರೆಳೆಯುವ ಕೊಳವೆಯನ್ನು ಪಂಪಿನ ಕಡೆಯಿಂದ ಬಿಚ್ಚಿದೆ. ಕವಾಟ ತೆರೆದು, ಕೊಳವೆಗೆ ಬಾಯಿ ಹಚ್ಚಿ ಜೋರಾಗಿ ಊದಿದೆ. ಹಿನ್ನೀರು, ರಬ್ಬರು, ಡೀಸೆಲ್ಲು ಒಟ್ಟಿಗೆ ನಾಲಿಗೆಗೆ ತಾಗಿದವು. ಪಕ್ಕದಲ್ಲಿ ಗುಳುಗುಳು ಗುಳ್ಳೆಗಳೆದ್ದವು. ಹಿಂದೆಯೇ ಹಸಿರು ಖಣ ಮೇಲೆ ಬಂದು ಹರಡಿಕೊಂಡಿತು, ಒಂದು ನೂಲು ಮಾತ್ರ ಜಾಲರಿಗೆ ಸಿಕ್ಕು ಹಿಡಿದಿತ್ತು. ಗಂಡ ಛತ್ರಿಯ ಕೊಕ್ಕೆಯಿಂದ ಎಳೆದರು. ನೂಲು ಹರಿಯಿತು.

ತಪ್ಪಿಸಿಕೊಳ್ಳುವಂತಿರಲಿಲ್ಲ, ಇದ್ದದ್ದು ಇದ್ದಂತೆ ಹೇಳಿದೆ. ಅತ್ತೆ ಖಣವನ್ನು ಮಗನ ಕೈಯಿಂದ ತೆಗೆದುಕೊಂಡು ನಿಧಾನವಾಗಿ ಹಿಂಡಿದರು. ಒಮ್ಮೆ ನೀರು ನೋಡಿದರು, ಒಮ್ಮೆ ಮಸಿ ಹತ್ತಿದ ನನ್ನ ಮೂತಿ ನೋಡಿದರು.

"ದೇವಿಗೆ ಏರಿಸಿದ ಖಣ ಗುಡಿಯಾಗ ಮುತ್ತೈದಿಗೆ ಪ್ರಸಾದ ಅಂತ ತಿರುಗಿ ಕೊಡ್ತಾರಲ್ಲ," ಎಂದರು. "ಆಕಿ ಕೊಟ್ಟಾಳ. ಉಡಿ ಒಡ್ಡು."

"ಸೆರಗಿಲ್ಲರಿ ಅತ್ತಿ."

"ಅಂಗಿ ಅದ ಅಲ್ಲ, ಅದನ್ನ ಒಡ್ಡು."

ಗ್ರೀಸು ಮೆತ್ತಿದ ಅಂಗಿಯ ಅಂಚು ಹಿಡಿದು ಒಡ್ಡಿದೆ. ಒದ್ದೆ ಖಣ ತಣ್ಣಗೆ ಬಂದು ಬಿತ್ತು. ಕಣ್ಣು ತುಂಬಿ ಬಂತು, ಡೀಸೆಲ್ ವಾಸನೆ ಎಂದು ಸುಳ್ಳು ಹೇಳಿ ಕೊಳವೆ ಜೋಡಿಸಲು ಬಗ್ಗಿದೆ. ಎಂಜಿನ್ ಚಾಲೂ ಆಯಿತು. ಈ ಸಲ ಹಿಂದಿನ ನೀರು ನಿಲ್ಲಲಿಲ್ಲ, ಮುಳ್ಳೂ ಇಳಿಯಿತು.

ಬನ್ನಿಮರದ ದಡ ಹತ್ತಿರವಾದಾಗ ಅತ್ತೆ ಎರಡೂ ಕೈ ಬಿಟ್ಟು ಕೂತಿದ್ದರು. ಮಾರುವ ಮಾತನ್ನು ನಾನಾಗಿ ಎತ್ತುವ ಧೈರ್ಯ ಮಾಡಲಿಲ್ಲ. ಅವರೇ ನನ್ನತ್ತ ಬಾಗಿದರು.

"ಬರೂ ದಸರಾಕ್ಕ ನಾ ಉಡಿ ತುಂಬೂ ಮುಂದ ಎಂಜಿನ್ ಬಂದ್ ಇಡು."