ಕೈಬಿಟ್ಟ ಕಲ್ಲು

ಒಂದು ಕೈಯಲ್ಲಿ ಕಲ್ಲನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲಿನಿಂದ ಚಿತ್ರ ತೆಗೆದ ಗೆಳೆಯ ಶಿವಾನಂದರು, ಕೆಲಸ ಮುಗಿದೊಡನೆ ಕಲ್ಲನ್ನು ಕೈಬಿಟ್ಟರು. ಹಾವುರಾಣಿ ಇನ್ನೂ ಅದರ ಅಡಿಯಲ್ಲೇ ಇತ್ತು.

ಹಾವು, ಕಪ್ಪೆ, ಹಾವುರಾಣಿಗಳನ್ನು ಹುಡುಕುತ್ತ ನಾವು ಮೂವರು ನಿವೃತ್ತರು ಆ ರವಿವಾರ ಸುಳ್ಳ ಗ್ರಾಮದ ಹೊಲಗಳ ಬದುವಿನ ಮೇಲೆ ಅಲೆಯುತ್ತಿದ್ದೆವು. ನಮ್ಮದು ಒಂದೇ ಕಟ್ಟಳೆ. ಕಲ್ಲೆತ್ತಿದರೆ ಕೆಳಗಿನ ಜೀವವನ್ನು ಮೊದಲು ಪಕ್ಕಕ್ಕೆ ಸರಿಸಬೇಕು. ಕಲ್ಲನ್ನು ಇದ್ದಂತೆಯೇ ಇಟ್ಟ ಮೇಲೆ ಅದು ತಾನಾಗಿ ಒಳಗೆ ಹೋಗಲು ಬಿಡಬೇಕು. ಹೊರಡುವ ಮುನ್ನವೇ ಇದನ್ನು ನೆನಪಿಸಿದ್ದೆ.

ಇನ್ನೊಬ್ಬ ಗೆಳೆಯ ರಫೀಕ್ ಸಾಹೇಬರು ಕಲ್ಲನ್ನು ಮೆಲ್ಲಗೆ ಸರಿಸಿದರು. ಚಳಿಗೆ ಮರಗಟ್ಟಿ ಓಡಲಾರದ ಆ ಜೀವದ ನಡು ಜಜ್ಜಿಹೋಗಿತ್ತು. ಬಾಲ ಮಾತ್ರ ಅಲುಗುತ್ತಿತ್ತು.

“ಹುಲಿ ಸತ್ತಂಗ ಯಾಕ ಮಾರಿ ಮಾಡೀರಿ, ಮಾಸ್ತರ್ರ? ನಡೀರಿ, ಮುಂದ ಇದಕ್ಕಿಂತ ಛಲೋವು ಸಿಗತಾವ,” ಎಂದು ಶಿವಾನಂದರು ನಕ್ಕರು.

“ಸಿಕ್ಕಿದ್ದನ್ನ ಜೀವಂತ ಬಿಡಾಕ ಆಗಲಿಲ್ಲ ನಿಮಗ. ಇನ್ನೊಂದ್ ಯಾಕ ಬೇಕ್ರಿ?” ಎಂದೆ.

ಮರಳುವಾಗ ನಮ್ಮೂರಿನ ದುರ್ಗದಬೈಲು ಪೇಟೆಯಲ್ಲಿ ಚಹಾ ಕುಡಿಯುತ್ತ ಶಿವಾನಂದರು ಪರಿಚಿತರೊಬ್ಬರಿಗೆ ಹಾವುರಾಣಿ ಕಂಡ ಸಂಗತಿಯನ್ನು ಉತ್ಸಾಹದಿಂದ ಬಣ್ಣಿಸಿದರು; ಅದು ಸತ್ತದ್ದನ್ನು ಹೇಳಲಿಲ್ಲ. ರಫೀಕ್ ಸಾಹೇಬರೂ ಸುಮ್ಮನೆ ತಲೆಯಾಡಿಸಿದರು. ಹೇಳಿದವನು ನಾನೊಬ್ಬನೇ.

ಅಂದಿನಿಂದ ಅವರಿಬ್ಬರೇ ಹೋಗುತ್ತಾರೆ, ನನ್ನನ್ನು ಕರೆಯುವುದಿಲ್ಲ. ಆ ಅವಮಾನವನ್ನು ನಾನು ಮರೆತಿಲ್ಲ. ಆದರೆ ರವಿವಾರ ಬೆಳಗಾದರೆ ಸಾಕು, ಎತ್ತಿದ ಕಲ್ಲುಗಳನ್ನು ಅವರು ಹೇಗೆ ಇಡುತ್ತಿದ್ದಾರೋ ಎಂಬ ಚಿಂತೆಯೇ ನನ್ನನ್ನು ಕೊರೆಯುತ್ತದೆ.