ಗಾಳಿಯ ಕಣ್ಣು

ಬೆಳಿಗ್ಗೆ ನಿಮ್ಮಲ್ಲಿ ಕಿರಿಯವಳು ಕಾವಲಿಯ ಮೇಲೆ ಕಾಯಿಸುತ್ತಿದ್ದ ಬ್ರೆಡ್ಡು ಸೀದುಹೋಯಿತು. ಆ ವಾಸನೆಗೆ, ಹಿಂದೆ ಇದೇ ಚಿನಕುರಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇಂಗ್ಲಿಷ್ ಟೀಚರಮ್ಮ ನೆನಪಾದರು. ಬಾಯಲ್ಲಿ ಹೇಳಲು ಸಂಕೋಚ, ಮಕ್ಕಳೇ, ಅದಕ್ಕೇ ಬರೆಯುತ್ತಿದ್ದೇನೆ.

ಅವರು ಒಂಟಿ. ಶನಿವಾರ ಪಾಂಡವಪುರದಿಂದ ಬ್ರೆಡ್ಡು ತಂದು, ನಾನು ಮುದ್ದೆ ತಿರುವುವಾಗ ಬಾಗಿಲಲ್ಲಿ ಕೂರುತ್ತಿದ್ದರು.

“ಬ್ರೆಡ್ ಅಂದ್ರೆ ಮೊದ್ಲು ಬರೀ ಚೂರು ಅಂತ ಅರ್ಥ. ಲೇಡಿ ಅಂದ್ರೆ ರೊಟ್ಟಿಹಿಟ್ಟು ನಾದೋಳು. ನೀನೇ ಕಣಮ್ಮ ಲೇಡಿ!”

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಒಮ್ಮೆ ಅಡುಗೆಮನೆಯ ಕಿಟಕಿ ತೋರಿಸಿದರು. “ವಿಂಡೋ ಅಂದ್ರೆ ಗಾಳಿಯ ಕಣ್ಣು. ಕಣ್ಣಿದ್ಮೇಲೆ ನೋಡ್ತದೆ, ಉಷಾರು!”

ಆಮೇಲೆ ನಿಮ್ಮ ತಾತ ತೀರಿಕೊಂಡರು. ನಕ್ಷತ್ರ ಕೆಟ್ಟದ್ದು, ಮೂರು ತಿಂಗಳು ಮನೆ ಬಿಡಬೇಕು ಎಂದರು ಹಿರಿಯರು. ಕಿಟಕಿಗೆ ಒಳಗಿನಿಂದ ನಾನೇ ಚಿಲಕ ಹಾಕಿದೆ. ಬಾಗಿಲಿಗೆ ಬೀಗ ಹಾಕಿ ಮುಳ್ಳು ಕಟ್ಟಿದರು. ಕೂಸಾಗಿದ್ದ ನಿಮ್ಮಮ್ಮನನ್ನು ಎತ್ತಿಕೊಂಡು ನಾನೂ ನನ್ನ ಅತ್ತೆಯೂ ಟೀಚರಮ್ಮನ ಮನೆ ಸೇರಿದೆವು.

ಅವರ ಹಿತ್ತಿಲಿಗೆ ನಮ್ಮ ಆ ಕಿಟಕಿ ಎದುರಾಗಿತ್ತು. ಒಂದು ಮಧ್ಯಾಹ್ನ ಅದು ಬೆರಳಗಲ ತೆರೆದಿತ್ತು. ಮರುವಾರ ಗೇಣಗಲ...

“ಗಾಳಿಗೆ ಬುಡು,” ಎಂದರು ಅತ್ತೆ. ಎಲೆಯೂ ಅಲುಗದ ಬಿಸಿಲು ಅದು. ಟೀಚರಮ್ಮ ಅಂದಿನಿಂದ ಅತ್ತ ಬೆನ್ನು ಹಾಕಿ ಉಣ್ಣತೊಡಗಿದರು.

ಮನೆಗೆ ಮರಳುವ ದಿನ ದೀಪ ಹಿಡಿದು ಮೊದಲು ಒಳಗೆ ಹೋಗಬೇಕಾದವಳು ನಾನು. ಮೊದಲು ಹೋದವರನ್ನು ಸತ್ತವರು ಜೊತೆಗೆ ಕರೆಯುತ್ತಾರೆಂದು ಊರಲ್ಲಿ ಮಾತಿತ್ತು. ಹೊಸ್ತಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಕಂಕುಳಲ್ಲಿದ್ದ ನಿಮ್ಮಮ್ಮ ಒಳಗಿನ ಕತ್ತಲೆ ನೋಡಿ ನಕ್ಕಳು, ಗುರುತಿನವರನ್ನು ಕಂಡಂತೆ...

ಟೀಚರಮ್ಮ ನನ್ನ ಕೈಯಿಂದ ದೀಪ ತೆಗೆದುಕೊಂಡರು. “ಲೇಡಿ ಹಿಟ್ಟು ಬೇಯಿಸ್ಬೇಕು, ಮಗು ಸಾಕ್ಬೇಕು. ನಂದು ಒಂಟಿ ಜೀವ.”

“ಏನ್ ಟೀಚರಮ್ಮ, ಒಳಗಿರೋರ್ಗೆ ಇಂಗ್ಲೀಸ್ ಪಾಠ ಮಾಡೀರಾ?” ಅತ್ತೆ ನಗಲು ಹೋದರು.

“ಫೇಲಾದ್ರೆ ಆಚೆ ಕಳಿಸ್ತೀನಿ ಬುಡಿ,” ಎನ್ನುತ್ತ ಅವರು ಒಳಗೆ ಹೋದರು.

ಕಿಟಕಿಯ ಚಿಲಕ ಬಿದ್ದ ಸದ್ದು ಕೇಳಿತು. ಆಮೇಲೆ ಅವರು ಮೆಲ್ಲಗೆ ಮಾತಾಡಿದರು. ನಡುನಡುವೆ ಸುಮ್ಮನಾದರು, ಉತ್ತರ ಕೇಳಿಸಿಕೊಳ್ಳುವವರ ಹಾಗೆ. ಹೊರಗೆ ಬಂದು, “ಬಾಮ್ಮ, ಹಾಲುಕ್ಕಿಸು,” ಎಂದಷ್ಟೇ ಹೇಳಿದರು.

ಆ ಬೇಸಿಗೆ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಜ್ವರ ಎಂದರು.

ನಿಮ್ಮಮ್ಮ ಬೆಳೆದಳು, ನೀವು ಹುಟ್ಟಿದಿರಿ. ನಾನಿನ್ನೂ ಅದೇ ಮನೆಯಲ್ಲಿದ್ದೇನೆ. ಒಳಗೆ ಯಾರ ಜೊತೆ ಮಾತಾಡಿದಿರಿ ಎಂದು ಟೀಚರಮ್ಮನನ್ನು ಕೇಳಲು ನನಗೆ ದಿನಗಳಿದ್ದವು, ಧೈರ್ಯವಿರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಒಳಗಿದ್ದವರು ಜೊತೆಗೆ ಕರೆದದ್ದು ನನ್ನನ್ನು ಎಂಬುದು ಮಾತ್ರ ನನಗೆ ಅಂದೇ ಗೊತ್ತಿತ್ತು.